ಹಸಿರು ಫಲಕದ ಕಾರು, ಗುಂಡ್ಲುಪೇಟೆಯ ದಾರಿ

ಚಾಮರಾಜನಗರದ ಅಂಗಡಿ ಸಾಲು ಮುಗಿದು ಚಾಮರಾಜೇಶ್ವರ ದೇವಾಲಯದ ಗೋಪುರ ಹಿಂದೆ ಸರಿಯುತ್ತಿದ್ದಂತೆ ಗುಂಡ್ಲುಪೇಟೆಯ ರಸ್ತೆ ಹೊಲಗಳ ನಡುವೆ ಬಿಚ್ಚಿಕೊಳ್ಳುತ್ತದೆ. ದೂರ ಹೆಚ್ಚೇನಿಲ್ಲ, ಸುಮಾರು 35 ಕಿಲೋಮೀಟರ್. ಒಂದೆಡೆ ಅರಿಶಿನ, ಇನ್ನೊಂದೆಡೆ ಬಾಳೆ, ನಡುನಡುವೆ ತರಕಾರಿ. ಮುಂಗಾರು ಹಿಡಿದರೆ ಗುಂಡ್ಲುಪೇಟೆಯ ಕಡೆ ಸೂರ್ಯಕಾಂತಿ, ಚೆಂಡುಹೂಗಳ ಹಳದಿ. ಈ ಸೀಮೆಯ ಹೆಸರಾಂತ ಕರಿಕಲ್ಲಿನ ದಿಮ್ಮಿ ಹೊತ್ತ ಲಾರಿಗಳು, ಬಸ್ಸುಗಳು, ಟ್ರ್ಯಾಕ್ಟರುಗಳು ಓಡಾಡುವ ದಾರಿಯಲ್ಲಿ ಈಗ ಸದ್ದಿಲ್ಲದೆ ಸಾಗುವ ಇನ್ನೊಂದು ವಾಹನವೂ ಕಾಣಸಿಗುತ್ತದೆ. ಹಸಿರು ಫಲಕ, ಅದರ ಮೇಲೆ ಬಿಳಿ ಅಕ್ಷರ. ಅದೇ ವಿದ್ಯುತ್ ಕಾರು.

ಪೆಟ್ರೋಲ್ ಖರ್ಚು ತಪ್ಪಿತು, ಆಯಿಲ್ ಬದಲಿಸುವ ಗೊಡವೆ ಇಲ್ಲ ಎಂದು ಲೆಕ್ಕ ಹಾಕಿ ಇಂಥ ಕಾರು ಕೊಂಡ ಕುಟುಂಬಗಳು ಹಲವು. ಆದರೆ ಸರ್ವಿಸಿಗೆ ಬಿಟ್ಟ ದಿನ ಕೈಗೆ ಬರುವ ಬಿಲ್ಲು ಕೆಲವೊಮ್ಮೆ ಆ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಕಾರಿಗೆ ಬೇಕಾದದ್ದು ಎಷ್ಟು, ಬೇಡದ್ದು ಎಷ್ಟು? ಇದು ತಿಳಿಯದಿದ್ದರೆ ಉಳಿತಾಯ ಬಂದ ದಾರಿಯಲ್ಲೇ ಹೋಗುತ್ತದೆ.

ಅಂಜಿಕೆಯ ವ್ಯಾಪಾರ

ಅಂಜಿಕೆ ಎಷ್ಟು ಗಟ್ಟಿಯಾಗಿ ಬೇರೂರಬಲ್ಲದು ಎಂಬುದನ್ನು ಚಾಮರಾಜನಗರದವರಿಗೆ ಬೇರೆ ಹೇಳಬೇಕಾಗಿಲ್ಲ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ನಂಬಿಕೆ ದಶಕಗಳ ಕಾಲ ಉಳಿದಿತ್ತು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಹಲವು ಬಾರಿ ಬಂದು ಹೋದರು. ಐದು ವರ್ಷದ ಅವಧಿಯನ್ನೂ ಪೂರೈಸಿದರು. ಯಾರಾದರೂ ಪರೀಕ್ಷಿಸಿ ನೋಡುವವರೆಗೆ ಅಂಜಿಕೆಗೆ ಆಯುಸ್ಸು ಹೆಚ್ಚು.

ವಿದ್ಯುತ್ ಕಾರಿನ ಮಾಲೀಕರದೂ ಇದೇ ಪಾಡು. ಬಾನೆಟ್ ಎತ್ತಿದರೆ ಪರಿಚಯದ ಎಂಜಿನ್ ಇಲ್ಲ. ಕಿತ್ತಳೆ ಬಣ್ಣದ ದಪ್ಪ ತಂತಿಗಳಿವೆ. ಅವುಗಳಲ್ಲಿ ಹರಿಯುವುದು ನೂರಾರು ವೋಲ್ಟ್; ತರಬೇತಿ ಇಲ್ಲದವರು ಮುಟ್ಟಬಾರದು. ಆದ್ದರಿಂದ ಊರಿನ ನೆಚ್ಚಿನ ಮೆಕ್ಯಾನಿಕ್ ಕೂಡ ಕೈ ಕಟ್ಟಿ ನಿಲ್ಲುತ್ತಾನೆ. ಚಾಮರಾಜನಗರವೇ ಇರಲಿ, ಗುಂಡ್ಲುಪೇಟೆಯೇ ಇರಲಿ, ದೊಡ್ಡ ಕೆಲಸಕ್ಕೆ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನತ್ತ ಮುಖ ಮಾಡಬೇಕು. ಅಷ್ಟು ದೂರ ಹೋದವರಿಗೆ "ಸರ್, ಇದನ್ನೂ ಮಾಡಿಸಿಬಿಡಿ, ಬ್ಯಾಟರಿಗೆ ಒಳ್ಳೆಯದು" ಎಂದರೆ ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಹೆದರಿದವರ ಮೇಲೆ ಹಾವು ಎಸೆದಂತೆ, ಅಲ್ಲವೇ?

ಈ ಅಂಜಿಕೆಗೆ ಹಳೆಯದೊಂದು ಕಾರಣವೂ ಉಂಟು. ವಿದ್ಯುತ್ ಕಾರು ಕರ್ನಾಟಕಕ್ಕೆ ಹೊಸದಲ್ಲ. ಚೇತನ್ ಮೈನಿ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ 'ರೇವಾ' 2001ರಲ್ಲೇ ರಸ್ತೆಗಿಳಿಯಿತು. ಲಂಡನ್ನಿನ ಬೀದಿಗಳಲ್ಲಿ 'ಜಿ-ವಿಝ್' ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಆ ಸಂಸ್ಥೆ ಮಹೀಂದ್ರ ಕಂಪನಿಯ ಕೈಸೇರಿತು. ಮೊದಲ ರೇವಾಗಳಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ. ಅದಕ್ಕೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕಿತ್ತು, ಕೆಲವೇ ವರ್ಷಗಳಲ್ಲಿ ಬ್ಯಾಟರಿಯನ್ನೇ ಬದಲಿಸಬೇಕಿತ್ತು. ಇಂದಿನ ಕಾರುಗಳ ಲಿಥಿಯಂ ಬ್ಯಾಟರಿ ಮುಚ್ಚಿದ ಪೆಟ್ಟಿಗೆ, ನೀರು ಕೇಳುವುದಿಲ್ಲ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿಗೆ ಕಂಪನಿಯೇ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಕೊಟ್ಟಿತು. ಕಾಲ ಬದಲಾಯಿತು, ಬ್ಯಾಟರಿಯ ಭಯ ಮಾತ್ರ ಉಳಿಯಿತು.

ತೆರಕಣಾಂಬಿಯ ತಕ್ಕಡಿ

ದಾರಿಯಲ್ಲಿ ತೆರಕಣಾಂಬಿ ಸಿಗುತ್ತದೆ. ಹಳೆಯ ಕೋಟೆ, ಹಳೆಯ ದೇವಾಲಯಗಳ ಊರು. ಇಲ್ಲಿಯ ತರಕಾರಿ ಮಾರುಕಟ್ಟೆಯಿಂದ ಕೇರಳಕ್ಕೆ ಲಾರಿಗಟ್ಟಲೆ ಮಾಲು ಹೋಗುತ್ತದೆ. ಟೊಮೆಟೊ, ಬೀನ್ಸ್, ಕೋಸು ತಂದ ರೈತ ತೂಕ ಮುಗಿಯುವವರೆಗೆ ತಕ್ಕಡಿಯ ಮೇಲಿನ ಕಣ್ಣು ತೆಗೆಯುವುದಿಲ್ಲ. ಅದೇ ರೈತ ಕಾರಿನ ಷೋರೂಮಿಗೆ ಹೋದಾಗ ತಣ್ಣನೆಯ ಕೋಣೆಯಲ್ಲಿ ಕಾಫಿ ಕುಡಿಯುತ್ತಾ ಕೂರುತ್ತಾನೆ; ಕಾರು ಗೋಡೆಯ ಆಚೆ ಇರುತ್ತದೆ. ತಕ್ಕಡಿ ಕಣ್ಣಿಗೆ ಬೀಳುವುದೇ ಇಲ್ಲ.

ಶಾಲೆಯ ಮಕ್ಕಳು ಬಿಡಿಸಬಹುದಾದ ಒಂದು ಸುಲಭ ಲೆಕ್ಕ ನೋಡಿ. ಒಂದು ಯೂನಿಟ್ ವಿದ್ಯುತ್ತಿಗೆ ಚಿಕ್ಕ ಕಾರು 7 ಕಿಲೋಮೀಟರ್ ಓಡುತ್ತದೆ, ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಳ್ಳಿ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ 5 ಯೂನಿಟ್, ಖರ್ಚು 35 ರೂಪಾಯಿ. ಲೀಟರಿಗೆ 14 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರಿಗೆ ಎರಡೂವರೆ ಲೀಟರ್. ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೆ 250 ರೂಪಾಯಿ. ಒಂದು ಸಲಕ್ಕೆ ಉಳಿದದ್ದು 215 ರೂಪಾಯಿ. ಇನ್ನು ಸರ್ವಿಸಿನ ದಿನ ಬೇಡದ 4,000 ರೂಪಾಯಿಯ 'ಪ್ಯಾಕೇಜ್' ಬಿಲ್ಲಿಗೆ ಸೇರಿತು ಎಂದುಕೊಳ್ಳಿ. ಶೇಕಡ 18 ಜಿಎಸ್‌ಟಿ ಸೇರಿ 4,720 ರೂಪಾಯಿ. ಹನ್ನೊಂದು ಬಾರಿ ಗುಂಡ್ಲುಪೇಟೆಗೆ ಹೋಗಿ ಬಂದ ಉಳಿತಾಯ ಒಂದು ಸಹಿಯಲ್ಲಿ ಕರಗಿತು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅದು ಪುಸ್ತಕದ ದುಡ್ಡು, ಬಸ್ ಪಾಸಿನ ದುಡ್ಡು.

ಬೇಕಾದದ್ದು, ಬೇಡವಾದದ್ದು

ವಿದ್ಯುತ್ ಕಾರಿಗೆ ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಸೈಲೆನ್ಸರ್ ಇಲ್ಲ. ಪೆಟ್ರೋಲ್ ಕಾರಿಗೆಂದು ಅಚ್ಚಾದ ಪಟ್ಟಿಯಲ್ಲಿರುವ ಎಂಜಿನ್ ಕಾರ್ಬನ್ ತೆಗೆಯುವುದು, ಥ್ರಾಟಲ್ ಶುಚಿ ಮಾಡುವುದು, ಸೈಲೆನ್ಸರಿಗೆ ಲೇಪ ಹಚ್ಚುವುದು ಇವೆಲ್ಲ ಇಲ್ಲಿ ಇಲ್ಲದ ಮಗುವಿಗೆ ಕುಲಾವಿ ಹೊಲಿದಂತೆ. ಬಣ್ಣಕ್ಕೆ ಹೊಳಪಿನ ಲೇಪ, ಒಳಾಂಗಣಕ್ಕೆ ಸುಗಂಧ, ಎಸಿಗೆ ಪ್ರತಿ ಬಾರಿಯೂ ವಿಶೇಷ ಶುದ್ಧೀಕರಣ ಇವು ಇಷ್ಟವಿದ್ದವರು ಮಾಡಿಸಬಹುದಾದ ಅಲಂಕಾರಗಳು. ಸರ್ವಿಸ್ ಪುಸ್ತಕದ ಪಟ್ಟಿಯಲ್ಲಿ ಇಲ್ಲವಾದರೆ ಅವು ಕಡ್ಡಾಯವಲ್ಲ.

ಹಾಗೆಂದು ಸರ್ವಿಸೇ ಬೇಡ ಎಂದಲ್ಲ. ಬ್ಯಾಟರಿಯ ಭಾರದಿಂದ, ಮೋಟಾರಿನ ಸೆಳೆತದಿಂದ ಟೈರು ಬೇಗ ಸವೆಯಬಹುದು. ಅವನ್ನು ಅದಲು ಬದಲು ಮಾಡಿಸುವುದು, ಚಕ್ರ ಒಂದೇ ಕಡೆ ಸವೆಯುತ್ತಿದ್ದರೆ ಅಲೈನ್‌ಮೆಂಟ್ ನೋಡಿಸುವುದು ನ್ಯಾಯವಾದ ಖರ್ಚು. ಬ್ರೇಕ್ ದ್ರವ ತೇವ ಹೀರುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬ್ಯಾಟರಿಯನ್ನು ತಂಪಾಗಿಡುವ ಕೂಲೆಂಟ್ ಇದ್ದರೆ ಪುಸ್ತಕ ಹೇಳಿದ ಅವಧಿಗೆ ನೋಡಿಸಬೇಕು. ದೀಪ, ಬೀಗ, ಕಂಪ್ಯೂಟರುಗಳನ್ನು ಎಚ್ಚರವಾಗಿಡುವ 12 ವೋಲ್ಟಿನ ಚಿಕ್ಕ ಬ್ಯಾಟರಿ ಸೋತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಕದಲದು. ಕ್ವಾರಿ ಲಾರಿಗಳ ದೂಳಿನಲ್ಲಿ ಓಡುವ ಕಾರಿನ ಎಸಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಹಳ್ಳಿ ರಸ್ತೆಯಲ್ಲಿ ಕಲ್ಲು ತಗುಲಿ ಅಡಿಭಾಗಕ್ಕೆ ಪೆಟ್ಟಾದರೆ ಬ್ಯಾಟರಿ ಪೆಟ್ಟಿಗೆಯನ್ನು ತಡಮಾಡದೆ ತೋರಿಸಬೇಕು. ಪುಸ್ತಕದಲ್ಲಿ ನಿಗದಿಯಾದ ತಪಾಸಣೆಯನ್ನು ತಪ್ಪಿಸಿದರೆ ವಾರಂಟಿಗೆ ತೊಡಕು ಬರಬಹುದು.

ವರ್ಕ್‌ಷಾಪುಗಳ ಲೆಕ್ಕಾಚಾರವೂ ತಿಳಿದಿರಲಿ. ಕಾರು ಮಾರಿದ ಲಾಭಕ್ಕಿಂತ ರಿಪೇರಿ, ಬಿಡಿಭಾಗಗಳ ಲಾಭವೇ ಮಾರಾಟಗಾರರನ್ನು ಸಾಕುವುದು. ಆಯಿಲ್ಲಿನ ಆದಾಯ ನಿಂತರೆ ಬೇರೆ ಬಾಬ್ತು ಹುಡುಕುವ ಒತ್ತಡ ಬರುತ್ತದೆ. ಎದುರು ನಿಂತ ಸಲಹೆಗಾರ ಹುಡುಗನಿಗೂ ತಿಂಗಳ ಗುರಿ ಇರಬಹುದು. ಅವನೊಡನೆ ಜಗಳ ಬೇಡ, ಪ್ರಶ್ನೆ ಸಾಕು. ಬಿಡಿಭಾಗ, ದುರಸ್ತಿ ಮಾಹಿತಿಗಳು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತ್ತು. ಆ ಕಾರುಗಳು ಪೆಟ್ರೋಲ್, ಡೀಸೆಲ್ಲಿನವು. ಆದರೆ ಬೇರೆ ಬಾಗಿಲಿಲ್ಲದ ಗಿರಾಕಿ ಹೆಚ್ಚು ತೆರುತ್ತಾನೆ ಎಂಬ ಮಾತು ವಿದ್ಯುತ್ ಕಾರಿಗೂ ಸಲ್ಲುತ್ತದೆ.

ಇಳಿಜಾರಿನ ಪಾಠ

ಗುಂಡ್ಲುಪೇಟೆಯಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ವಯನಾಡಿಗೆ, ಇನ್ನೊಂದು ಬಂಡೀಪುರ ದಾಟಿ ಊಟಿಗೆ. ವಾರದ ಕೊನೆಯಲ್ಲಿ ಬೆಂಗಳೂರು, ಮೈಸೂರಿನ ಹಸಿರು ಫಲಕಗಳೂ ಇಲ್ಲಿ ಕಾಣುತ್ತವೆ. ಚಾರ್ಜಿಗೆ ನಿಲ್ಲುವವರು ಗಡಿಯಾರ ಮರೆಯಬಾರದು. 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಸದ್ದು ಮಾಡದ ಕಾರೆಂದು ಚೆಕ್‌ಪೋಸ್ಟಿನಲ್ಲಿ ರಿಯಾಯಿತಿ ಸಿಗದು.

ಊಟಿಯಿಂದ ಗೂಡಲೂರಿನತ್ತ ಸಾವಿರ ಮೀಟರಿಗೂ ಹೆಚ್ಚು ಇಳಿಯುವಾಗ ಈ ಕಾರಿನ ಗುಣ ತಿಳಿಯುತ್ತದೆ. ಕಾಲು ತೆಗೆದರೆ ಮೋಟಾರೇ ಡೈನಮೋ ಆಗಿ ವೇಗ ತಗ್ಗಿಸುತ್ತದೆ, ಬ್ಯಾಟರಿಗೆ ವಿದ್ಯುತ್ ಮರಳಿಸುತ್ತದೆ. ಮೇಲೆ ಪೂರ್ತಿ ಚಾರ್ಜ್ ಮಾಡಿಕೊಂಡು ಇಳಿದವರಿಗೆ ಈ ಲಾಭ ಕಡಿಮೆ. ತುಂಬಿದ ಕೊಡಕ್ಕೆ ನೀರು ಹಿಡಿಯದು ತಾನೆ? ಹೀಗೆ ಬ್ರೇಕಿನ ಕೆಲಸವನ್ನು ಮೋಟಾರು ಹಂಚಿಕೊಳ್ಳುವುದರಿಂದ ಬ್ರೇಕ್ ಪ್ಯಾಡ್ ಬಹುಕಾಲ ಬಾಳುತ್ತದೆ. ಆದ್ದರಿಂದ ಪ್ಯಾಡ್ ಬದಲಿಸಬೇಕು ಎಂದಾಗ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಅಳೆದು ತೋರಿಸಲು ಕೇಳಬೇಕು. ಬಳಕೆ ಕಡಿಮೆಯಾಗಿ ತುಕ್ಕು ಹಿಡಿದಿದ್ದರೆ ಶುಚಿ ಮಾಡಿಸಿದರೆ ಸಾಕಾಗಬಹುದು.

ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಇದು ಸರ್ವಿಸ್ ಪುಸ್ತಕದ ಯಾವ ಪುಟದಲ್ಲಿದೆ? ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ? ಈಗ ಮಾಡಿಸದಿದ್ದರೆ ಏನಾಗುತ್ತದೆ? ಅದನ್ನು ಬರೆದು ಕೊಡುತ್ತೀರಾ? ಕೆಲಸ ಆರಂಭಿಸುವ ಮುನ್ನ ಅಂದಾಜು ಪಟ್ಟಿ ಪಡೆದು, ಬೇಡದ್ದನ್ನು ಹೊಡೆದು ಹಾಕಿ, ಆಮೇಲೆ ಸಹಿ ಮಾಡಬೇಕು. ಬದಲಿಸಿದ ಹಳೆಯ ಭಾಗವನ್ನು ನೋಡಲು ಕೇಳಬೇಕು.

ಇಷ್ಟಾದರೂ ಮೋಸವಾಯಿತು ಎನ್ನಿಸಿದರೆ ದಾರಿ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಮೈಸೂರಿನಲ್ಲಿ ಕೊಟ್ಟ ಬಿಲ್ಲಿನ ವಿಚಾರಣೆಯನ್ನು ಗುಂಡ್ಲುಪೇಟೆಯವರು ಚಾಮರಾಜನಗರದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೇಳಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು. ಬಿಲ್ಲು, ಅಂದಾಜು ಪಟ್ಟಿ, ಮೊಬೈಲಿನ ಸಂದೇಶಗಳನ್ನು ಜೋಪಾನವಾಗಿಡಬೇಕು.

ಕಾರಿನೊಡನೆ ಬರುವ ಪುಸ್ತಕ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಸೀಲು ಒಡೆಯದೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮಲಗಿರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ಅಪ್ಪನಿಗೆ ಅದು ಕಷ್ಟವಾದರೆ ಹೈಸ್ಕೂಲಿನ ಮಗಳಿಗೆ ಆಗದು. ಸರ್ವಿಸಿನ ಹಿಂದಿನ ಸಂಜೆ ಅವಳು ಆ ಪಟ್ಟಿಯನ್ನು ಒಂದು ಹಾಳೆಯಲ್ಲಿ ಕನ್ನಡಕ್ಕೆ ಇಳಿಸಿ ಅಪ್ಪನ ಜೇಬಿಗಿಟ್ಟರೆ ಅರ್ಧ ಗಂಟೆಯ ಕೆಲಸ. ಆ ಒಂದು ಹಾಳೆಯೇ ಮರುದಿನ ಅಪ್ಪನ ಕೈಯಲ್ಲಿರುವ ತಕ್ಕಡಿ.