ಬಳಕೆಯಲ್ಲಿರುವ ಕಡತ



ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ನನ್ನ ಸೇವಾವಧಿಯ ಬಹುಭಾಗ ಕಳೆಯಿತು. ಪರೀಕ್ಷೆಯ ಹಿಂದಿನ ದಿನ ತರಗತಿಯಲ್ಲಿ ತಪ್ಪದೇ ಹೇಳುತ್ತಿದ್ದ ನನ್ನ ಮಾತು ನಿಮಗೆ ನೆನಪಿರಬಹುದು: "ಪ್ರಶ್ನೆಯನ್ನು ಎರಡು ಸಲ ಓದಿರಿ, ಆಮೇಲೆ ಉತ್ತರಕ್ಕೆ ಕೈಹಾಕಿರಿ." ಆ ಮಾತನ್ನು ನಾನೇ ಮರೆತ ಪ್ರಸಂಗವಿದು. ನೀವು ನಕ್ಕರೆ ನನಗೆ ಬೇಸರವಿಲ್ಲ.

ಅಫಜಲಪುರದ ಹಳೆಯ ವಿದ್ಯಾರ್ಥಿಗಳು ಗುರುವಂದನಾ ಕಾರ್ಯಕ್ರಮದ ಸ್ಮರಣ ಸಂಚಿಕೆಗಾಗಿ ನನ್ನಿಂದ ನೆನಪುಗಳನ್ನು ಬಯಸಿದ್ದರು. ಮೂರು ತಿಂಗಳು ಕುಳಿತು ಗಣಕಯಂತ್ರದಲ್ಲಿ ನಲವತ್ತು ಪುಟ ಬರೆದಿದ್ದೆ. ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದು, ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ತಂದೆತಾಯಿಯೊಡನೆ ಮುಂಬಯಿಗೆ ದುಡಿಯಲು ಹೋದ ಹುಡುಗನೊಬ್ಬನ ಕುರಿತ ಪುಟವೂ ಅದರಲ್ಲಿತ್ತು. ಆ ವರ್ಷದ ಶಾಲೆಯ ಗುಂಪುಚಿತ್ರದಲ್ಲಿ ಅವನಿಲ್ಲ. ಅವನು ನಮ್ಮವನಾಗಿದ್ದನೆಂಬುದಕ್ಕೆ ನನ್ನ ಬಳಿ ಇದ್ದುದು ಆ ಪುಟವೊಂದೇ.

ಒಂದು ಸಂಜೆ, ಕನ್ನಡ ಬರೆಯುವ ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿಕೊಳ್ಳಲು ಹೊರಟೆ. ಕೆಲಸ ಅರ್ಧಕ್ಕೆ ಬಂದಾಗ, ಒಂದು ಕಡತ ಬಳಕೆಯಲ್ಲಿದೆ, ಬದಲಿಸಲಾಗದು ಎಂಬ ಸಂದೇಶ ಬಂತು. ಕೆಳಗೆ ರಿಟ್ರೈ, ಇಗ್ನೋರ್, ಅಬಾರ್ಟ್ ಎಂಬ ಮೂರು ಗುಂಡಿಗಳು. ಸಂದೇಶವನ್ನು ಪೂರ್ತಿ ಓದದೆ ನಾಲ್ಕು ಸಲ ಇಗ್ನೋರ್ ಒತ್ತಿದೆ. ಕಡತ ತೆರೆದು ನೋಡಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ! ಎದೆ ಧಸಕ್ಕೆಂದಿತು.

ಜೇವರ್ಗಿಯಲ್ಲಿ ನನ್ನ ಬಳಿ ಓದಿ, ಈಗ ಬೆಂಗಳೂರಿನಲ್ಲಿ ತಂತ್ರಾಂಶ ಕ್ಷೇತ್ರದಲ್ಲಿರುವ ಶಿಷ್ಯನಿಗೆ ದೂರವಾಣಿ ಮಾಡಿದೆ. "ಅಂಜಬ್ಯಾಡ್ರಿ ಸರ್, ನೀವು ಬರೆದದ್ದು ಎಲ್ಲೀ ಹೋಗಿಲ್ಲ. ಮೊದಲು ಅದರದೊಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕ್ರಿ" ಎಂದ. ನಾವು ಬರೆದ ಕಡತ ಬೇರೆ, ತಂತ್ರಾಂಶದ ಕಡತಗಳು ಬೇರೆ. ಕೆಟ್ಟಿದ್ದು ಎರಡನೆಯದು.

ಅವನು ವಿವರಿಸಿದ್ದು ಹೀಗೆ. ತಂತ್ರಾಂಶವೊಂದು ಚಾಲನೆಯಲ್ಲಿರುವಾಗ ಅದರ ಕಡತಗಳ ಮೇಲೆ ಹೊಸದನ್ನು ಬರೆಯಲು ವಿಂಡೋಸ್ ಬಿಡುವುದಿಲ್ಲ. ಮೇಷ್ಟ್ರು ಹಾಜರಿ ಕರೆಯುತ್ತಿರುವಾಗಲೇ ಹಾಜರಿ ಪುಸ್ತಕವನ್ನು ಕಿತ್ತುಕೊಂಡು ಹೊಸ ಹೊಲಿಗೆ ಹಾಕಲು ಬರುತ್ತದೆಯೇ? ನಾನು ಕಿಟಕಿಯನ್ನೇನೋ ಮುಚ್ಚಿದ್ದೆ. ಆದರೆ ಪರದೆಯ ಬಲ ಮೂಲೆಯಲ್ಲಿ, ಗಡಿಯಾರದ ಪಕ್ಕ, ಅದರ ಚಿಹ್ನೆ ಇನ್ನೂ ಎಚ್ಚರವಾಗಿಯೇ ಇತ್ತು. ಅಕ್ಷರಶೈಲಿಯ ಕಡತವನ್ನು ಇನ್ನೊಂದು ತಂತ್ರಾಂಶ ಹಿಡಿದುಕೊಂಡಿತ್ತು. ಹೀಗಾಗಿ ಕೆಲವು ಕಡತ ಹೊಸವು, ಕೆಲವು ಹಳೆಯವು, ಒಂದಕ್ಕೊಂದು ಹೊಂದಿಕೆಯಿಲ್ಲ.

ಪರಿಹಾರವನ್ನು ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ತೆರೆದಿರುವ ಬರಹಗಳನ್ನೆಲ್ಲ ಉಳಿಸಿ ಮುಚ್ಚಬೇಕು. ಮೂಲೆಯ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ ಎಕ್ಸಿಟ್ ಮಾಡಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಆ ತಂತ್ರಾಂಶದ ಹೆಸರು ಉಳಿದಿದ್ದರೆ ನಿಲ್ಲಿಸಬೇಕು. ಕಡತವನ್ನು ಯಾರು ಹಿಡಿದಿದ್ದಾರೆಂದು ತಿಳಿಯದಿದ್ದರೆ, ರಿಸೋರ್ಸ್ ಮಾನಿಟರ್‌ನ ಸಿಪಿಯು ಪುಟದಲ್ಲಿ ಕಡತದ ಹೆಸರು ಕೊಟ್ಟು ಹುಡುಕಬಹುದು. ಇಷ್ಟಕ್ಕೂ ಬಗ್ಗದಿದ್ದರೆ ರೀಸ್ಟಾರ್ಟ್ ಮಾಡಿ, ಬೇರೇನನ್ನೂ ತೆರೆಯುವ ಮೊದಲೇ ಹೊಸ ಆವೃತ್ತಿಯನ್ನು ಹಾಕಬೇಕು.

"ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದರ ಸಾಲದೇನು?" ಎಂದು ಕೇಳಿದೆ. ಸಾಲದಂತೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಬಂದಿದೆ; ಅದು ಚಾಲನೆಯಲ್ಲಿದ್ದರೆ ಶಟ್‌ಡೌನ್ ಮಾಡಿದಾಗ ಒಳಗಿನ ವ್ಯವಸ್ಥೆಯ ಸ್ಥಿತಿಯನ್ನು ಉಳಿಸಿಟ್ಟು, ಮರುದಿನ ಅದನ್ನೇ ಎಬ್ಬಿಸುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಬಳಕೆಯಲ್ಲಿದ್ದ ಕಡತದ ಬದಲಾವಣೆಯನ್ನು ಮುಂದಿನ ಆರಂಭಕ್ಕೆ ಕಾಯ್ದಿರಿಸುವ ತಂತ್ರಾಂಶಗಳು ರೀಸ್ಟಾರ್ಟ್ ಕೇಳುವುದು ಇದಕ್ಕಾಗಿಯೇ.

ನನ್ನದು ಅರ್ಧಂಬರ್ಧ ಆಗಿದ್ದರಿಂದ ಇದ್ದುದನ್ನು ಪೂರ್ತಿ ತೆಗೆದು, ರೀಸ್ಟಾರ್ಟ್ ಮಾಡಿ, ಹೊಸದಾಗಿ ಹಾಕಿದೆವು. ರಾತ್ರಿ ಹತ್ತೂವರೆಗೆ ಕಡತ ತೆರೆದೆ. ಮೊದಲು ಹುಡುಕಿದ್ದು ಆ ಹುಡುಗನ ಪುಟವನ್ನು. ಒಂದು ಒತ್ತಕ್ಷರವೂ ಕೆಟ್ಟಿರಲಿಲ್ಲ.

ಯಂತ್ರ ನನಗೆ ಅಡ್ಡಿಪಡಿಸುತ್ತಿದೆಯೆಂದು ಸಿಟ್ಟಾಗಿದ್ದೆ, ಅದು ಎಚ್ಚರಿಸುತ್ತಿತ್ತು. ಉತ್ತರ ಪ್ರಶ್ನೆಯೊಳಗೇ ಇತ್ತು. "ಸರ್, ಇಗ್ನೋರ್ ಒತ್ತೂಕಿಂತ ಮೊದಲ ಎರಡು ಸಲ ಓದ್ರಿ" ಎಂದು ಶಿಷ್ಯ ನಕ್ಕ. ಕಲಿಸಿದ ಪಾಠ ನನಗೇ ಮರಳಿ ಬಂದಿತ್ತು. ಅದಕ್ಕಿಂತ ದೊಡ್ಡ ಗುರುವಂದನೆ ಯಾವುದಿದೆ?