ವಾರಂಟಿಗಿಂತ ಮುಂಚೆ

ಬಾಗಿಲು ಬಡಿದವನು ಅಮೀನ. ಕೈಯಲ್ಲಿ ಡೆಲಿವರಿ ವಾರಂಟು, ಬೆನ್ನಿಗೆ ವಾದಿ.

"ಯವ್ವಾ, ಕೋರ್ಟಿನ ಆರ್ಡರ್ ಐತಿ. ಮನಿ ಖಾಲಿ ಮಾಡ್ರಿ."

"ಯಾವ ಕೋರ್ಟ್ರೀ? ಯಾವ ಕೇಸು?"

ಹಾವೇರಿ ಸೀಮೆಯ ಆ ವಿಧವೆ ಗೋವಾದ ಕಟ್ಟಡ ಕೆಲಸದಿಂದ ಹಬ್ಬಕ್ಕೆಂದು ಬಂದಿದ್ದಳು. ಬೀಗ ಬಿದ್ದ ಬಾಗಿಲಿಗೆ ಕೋರ್ಟಿನ ಅಪ್ಪಣೆಯಂತೆ ಸಮನ್ಸ್ ಅಂಟಿಸಿದ್ದರಂತೆ. ಅದನ್ನು ಓದಿದ್ದು ಮಳೆ ಮಾತ್ರ. ಪ್ರತಿವಾದಿ ಗೈರು, ಏಕಪಕ್ಷೀಯ ಡಿಕ್ರಿ, ಅಮಲ್ಜಾರಿ. ಎಲ್ಲ ಅವಳ ಬೆನ್ನ ಹಿಂದೆಯೇ ಮುಗಿದಿತ್ತು.

ಓಣಿಯವರು ಅಡ್ಡ ನಿಂತರು. "ಸ್ಟೇ ತರ್ರಿ. ಇಲ್ಲಾಂದ್ರ ಪೊಲೀಸ್ರನ್ನ ಕರ್ಕೊಂಡು ಬರ್ತೀನಿ," ಎಂದ ಅಮೀನ ವಾರಂಟು ಮಡಚಿಕೊಂಡು ಹೋದ.

ಸಿಕ್ಕ ಬಸ್ಸು ಹತ್ತಿ ತಾಲೂಕಿನ ವಕೀಲರ ಬಾಗಿಲಿಗೆ. ದಾರಿ ಒಂದಿತ್ತು: 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶ, 13ನೇ ನಿಯಮ. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ ಎನ್ನಬೇಕು, ಇಲ್ಲವೇ ಬರಲಾಗದ್ದಕ್ಕೆ ಸಾಕಷ್ಟು ಕಾರಣ ತೋರಿಸಬೇಕು. ಗಡುವು 30 ದಿನ. ಡಿಕ್ರಿಯ ತಾರೀಖಿನಿಂದ ಎಣಿಸಿದರೆ ಕಥೆ ಮುಗಿದಂತೆ! ಆದರೆ ಕಾಲಮಿತಿ ಕಾಯ್ದೆಯ 123ನೇ ಅನುಚ್ಛೇದ ಉಸಿರು ಕೊಟ್ಟಿತು: ಸಮನ್ಸ್ ಸರಿಯಾಗಿ ಮುಟ್ಟದಿದ್ದರೆ ಎಣಿಕೆ ಡಿಕ್ರಿ ಗೊತ್ತಾದ ದಿನದಿಂದ, ಬಾಗಿಲಿಗೆ ಅಂಟಿಸುವಂಥ ಬದಲಿ ಜಾರಿ ಈ ಲೆಕ್ಕಕ್ಕೆ ಬರುವುದಿಲ್ಲ. ಅಮೀನ ಬಂದ ದಿನವೇ ಅವಳ ಮೊದಲ ದಿನ. ಆದರೂ ವಕೀಲರು 5ನೇ ಕಲಮಿನಡಿ ವಿಳಂಬ ಮನ್ನಾ ಅರ್ಜಿಯನ್ನೂ ಸೇರಿಸಿದರು. ಅನುಭವಸ್ಥರು ಹಗ್ಗ ಎರಡು ಕಟ್ಟುತ್ತಾರೆ.

ಅರ್ಜಿ ಹಾಕಿದ ಮಾತ್ರಕ್ಕೆ ಅಮೀನ ನಿಲ್ಲುವುದಿಲ್ಲ. ಇದು ಎಷ್ಟೋ ಜನರಿಗೆ ತಿಳಿಯುವುದು ಸಾಮಾನು ಬೀದಿಗೆ ಬಿದ್ದಮೇಲೆ. ತಡೆಯಾಜ್ಞೆಯನ್ನು ಬೇರೆಯಾಗಿಯೇ ಕೇಳಬೇಕು. ಕೇಳಿದರು, ಸಿಕ್ಕಿತು. ನಕಲು ಹಿಡಿದು ಅವಳ ಮಗ ಬೈಕಿನಲ್ಲಿ ಊರು ಮುಟ್ಟುವಾಗ ಪೊಲೀಸ್ ಜೀಪು ಬಾಗಿಲಲ್ಲಿತ್ತು, ಹಾಸಿಗೆ, ಕೊಡ, ಟ್ರಂಕು ಕಟ್ಟೆಗೆ ಬಂದಿದ್ದವು. ಅಮೀನ ಆದೇಶ ಓದಿದ, ಮತ್ತೊಮ್ಮೆ ಓದಿದ. "ಸಾಮಾನು ಒಳಗಿಡ್ರಿ," ಅಂದ.

ಅಸಲಿ ಕಂದಕ ಸಾಕ್ಷಿಕಟ್ಟೆಯಲ್ಲಿತ್ತು. "ವಿಚಾರಣೆಯ ತಾರೀಖು ನಿಮಗೆ ಮೊದಲೇ ಗೊತ್ತಿತ್ತಲ್ಲವೇ?" ಹೌದೆಂದಿದ್ದರೆ ಕಷ್ಟ. ತಾರೀಖು ತಿಳಿದಿದ್ದು, ಬರಲು ಸಮಯವೂ ಇದ್ದರೆ, ಜಾರಿಯಲ್ಲಿನ ಲೋಪವೊಂದಕ್ಕೇ ಡಿಕ್ರಿ ರದ್ದಾಗದು. ಗುತ್ತಿಗೆದಾರನ ಹಾಜರಿ ಪುಸ್ತಕ ಅವಳ ಕೈ ಹಿಡಿಯಿತು.

ವಾದಿಗೆ ಖರ್ಚು ಕೊಡಬೇಕೆಂಬ ಷರತ್ತಿನ ಮೇಲೆ ಡಿಕ್ರಿ ರದ್ದಾಯಿತು. ಮನೆ ಅವಳದೆಂದು ಕೋರ್ಟು ಇನ್ನೂ ಹೇಳಿಲ್ಲ. ಹಳೇ ದಾವೆಗೆ ಮತ್ತೆ ಜೀವ ಬಂದಿದೆ. ಮುಂದಿನ ತಾರೀಖಿಗೆ ಅವಳು ಲಿಖಿತ ಹೇಳಿಕೆ ಸಲ್ಲಿಸಬೇಕು.