ಮೆಮೊರಿ ಹಾಕಿಸಿದ ಮೇಲೂ

ಪರದೆಯ ಮೇಲೆ 'ಮೆಮೊರಿ ಸಾಲದು, ಕೆಲವು ಕಿಟಕಿಗಳನ್ನು ಮುಚ್ಚಿ ಮತ್ತೆ ನೋಡಿ' ಎಂಬರ್ಥದ ಇಂಗ್ಲಿಷ್ ಸಾಲು ಬಂದರೆ ಮೆಮೊರಿ ಹಾಕಬೇಕು. ತೆರಕಣಾಂಬಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ಕಾಲದಲ್ಲಿ ನನ್ನ ವಿದ್ಯೆ ಇಷ್ಟೇ. ಅದನ್ನೇ ಬಂಡವಾಳ ಮಾಡಿಕೊಂಡು ಒಬ್ಬ ತರಕಾರಿ ಮಂಡಿಯವರಿಂದ ದುಡ್ಡು ಇಸಕೊಂಡೆ. 4 ಜಿಬಿ ಇದ್ದ ಯಂತ್ರಕ್ಕೆ ಇನ್ನೊಂದು 4 ಜಿಬಿ ಪಟ್ಟಿ ಸಿಕ್ಕಿಸಿ, ಮುಚ್ಚಳ ತಿರುಪಿ, 'ಇನ್ನು ಕುದುರೆ ಓಡಿದಂಗೆ ಓಡ್ತದ' ಎಂದೂ ಹೇಳಿದೆ. ಮರುದಿನ ಮಧ್ಯಾಹ್ನವೇ ಫೋನು. 'ಮೆಮೊರಿ ಹಾಕುಸ್ದ್ ಮ್ಯಾಲೂ ಮೆಮೊರಿ ಇಲ್ಲ ಅಂತದಲ್ಲ, ಅದ್ಯಾನ?'

ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಉತ್ತರ ಇದೆ ಎನ್ನುವ ಹಾಗೆ ಮಾತ್ರ ನಡೆದುಕೊಂಡೆ.

ಆ ಸಂದೇಶ ಕೊಡುತ್ತಿದ್ದದ್ದು ಮೇಲ್ ನೋಡುವ ತಂತ್ರಾಂಶ ಔಟ್‌ಲುಕ್. ತರಕಾರಿ ಮಂಡಿಗೂ ಔಟ್‌ಲುಕ್‌ಗೂ ಏನು ನಂಟು ಎಂದು ಕೇಳಬಹುದು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯ ಈ ಹೋಬಳಿ ಕೇಂದ್ರದಲ್ಲಿ ಟೊಮೆಟೊ, ಬೀನ್ಸು, ಎಲೆಕೋಸು, ಸಣ್ಣ ಈರುಳ್ಳಿ ಸೇರುವುದೇ ಬಹಳ ಮಟ್ಟಿಗೆ ಕೇರಳಕ್ಕೆ ಹೋಗಲು. ಓಣಂ ಹತ್ತಿರ ಬಂತೆಂದರೆ ಊರಿನ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಣ್ಣಪುಟ್ಟ ವ್ಯವಹಾರವೆಲ್ಲ ಫೋನಿನಲ್ಲೇ ಮುಗಿಯುತ್ತದೆ, ನಿಜ. ಆದರೆ ಆ ಮಂಡಿಯವರು ಗಡಿಯಾಚೆಯ ಒಂದೆರಡು ದೊಡ್ಡ ಅಂಗಡಿಗಳಿಗೆ ಸರಕು ಕೊಡುತ್ತಿದ್ದರು. ಅಲ್ಲಿಂದ ಬೇಡಿಕೆಯ ಪಟ್ಟಿ ಎಕ್ಸೆಲ್ ಹಾಳೆಯಾಗಿ ಮೇಲ್‌ನಲ್ಲೇ ಬರಬೇಕು, ಬಿಲ್ಲು ಮೇಲ್‌ನಲ್ಲೇ ಹೋಗಬೇಕು. ಪಟ್ಟಿ ತೆರೆಯದಿದ್ದರೆ ಲಾರಿಗೆ ಏನು ತುಂಬಬೇಕೆಂದು ಗೊತ್ತಾಗುವುದಿಲ್ಲ. ಲಾರಿ ತಡವಾದರೆ ಕೇರಳದ ದಾರಿಯ ಬಂಡೀಪುರದ ಗೇಟು ಕಾಯುವುದಿಲ್ಲ. 2009ರಿಂದ ಆ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಸಂಚಾರಕ್ಕೆ ನಿಷೇಧ. 9 ದಾಟಿ ಹತ್ತು ನಿಮಿಷಕ್ಕೆ ಬಂದವನೂ ಬೆಳಗಿನವರೆಗೆ ಅಲ್ಲೇ. ಟೊಮೆಟೊ ತುಂಬಿದ ಲಾರಿಯಲ್ಲಿ ಒಂದು ರಾತ್ರಿ ಎಂದರೇನು ಎನ್ನುವುದನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ನಿಧಾನವಾಗಿ, ತೀರಾ ತಡವಾಗಿ, ತಿಳಿದ ಸಂಗತಿ ಇದು. ಅವರಲ್ಲಿದ್ದದ್ದು 32 ಬಿಟ್‌ನ ಔಟ್‌ಲುಕ್ 2010. ಯಂತ್ರದಲ್ಲಿ 4 ಜಿಬಿ ಇರಲಿ, 8 ಇರಲಿ, 16 ಇರಲಿ, ಆ ಪ್ರೋಗ್ರಾಮು ಒಂದು ಹೊತ್ತಿಗೆ ಬಳಸಬಹುದಾದ ವಿಳಾಸಗಳ ವ್ಯಾಪ್ತಿ 2 ಜಿಬಿ. ಮುಂದಿನ ಆವೃತ್ತಿಗಳಲ್ಲಿ, 64 ಬಿಟ್ ವಿಂಡೋಸ್ ಮೇಲೆ ಓಡುವಾಗ, ಆ ಮಿತಿಯನ್ನು 4 ಜಿಬಿಗೆ ಏರಿಸಿದರು. ನಾನು ಹೇಳುತ್ತಿರುವುದು ಅದಕ್ಕಿಂತ ಮುಂಚಿನ ಮಾತು. ಮಂಡಿಯ ಅಂಗಳ ಎಷ್ಟೇ ದೊಡ್ಡದಿದ್ದರೂ ಲಾರಿಗೆ ಹಿಡಿಸುವುದು ಲಾರಿಗೆ ಹಿಡಿಸುವಷ್ಟೇ. ಅದರಲ್ಲೂ ಕ್ರೇಟುಗಳನ್ನು ಅಡ್ಡಾದಿಡ್ಡಿ ಇಟ್ಟರೆ ಅಲ್ಲಲ್ಲಿ ಖಾಲಿ ಇದ್ದೂ ಇನ್ನೊಂದು ದೊಡ್ಡ ಮೂಟೆಗೆ ಜಾಗವಿರುವುದಿಲ್ಲ. ನಾನು ಅಂಗಳ ಅಗಲ ಮಾಡಿ ಕೂಲಿ ಇಸಕೊಂಡಿದ್ದೆ.

ಹಾಗಾದರೆ ಆ 2 ಜಿಬಿಯನ್ನು ತುಂಬಿದ್ದು ಯಾರು? ನಾನು ಮೊದಲು ಕೇಳಬೇಕಾಗಿದ್ದದ್ದು ಇದನ್ನು. ಕೇಳಲಿಲ್ಲ. ಬದಲಿಗೆ ಇಡೀ ಆಫೀಸ್ ತೆಗೆದು ಮತ್ತೆ ಹಾಕಿದೆ. ಅದರಿಂದ ಏನೂ ಆಗುವುದಿಲ್ಲವೆಂದು ಈಗ ಯಾರು ಕೇಳಿದರೂ ಹೇಳುತ್ತೇನೆ. ಔಟ್‌ಲುಕ್‌ನ ಆಡ್-ಇನ್‌ಗಳು, ಅಂದರೆ ಬೇರೆ ಕಂಪನಿಯವರ ತಂತ್ರಾಂಶಗಳು ಔಟ್‌ಲುಕ್ ಒಳಗೆ ತೂರಿಸಿದ ತುಂಡುಗಳು, ವಿಂಡೋಸ್ ತನ್ನ ಲೆಕ್ಕ ಬರೆದಿಡುವ ರಿಜಿಸ್ಟ್ರಿಯಲ್ಲಿ ತಮ್ಮದೇ ಹೆಸರಿನಲ್ಲಿ ನಮೂದಾಗಿರುತ್ತವೆ. ಆಫೀಸ್ ತೆಗೆದರೂ ಆ ನಮೂದು ಅಲ್ಲೇ ಇರುತ್ತದೆ. ಆಫೀಸ್ ಮರಳಿ ಬಂದ ಕೂಡಲೇ ಅವೂ ಮರಳಿ ಏರಿ ಕೂರುತ್ತವೆ. ಆ ಕೆಲಸಕ್ಕೆ ಅರ್ಧ ದಿನ ಹೋಯಿತು. ಅಷ್ಟು ಹೊತ್ತೂ ಮಂಡಿಯ ಹುಡುಗರು ಪಟ್ಟಿಗಾಗಿ ಕಾಯುತ್ತ ನನ್ನ ಬೆನ್ನ ಹಿಂದೆ ನಿಂತಿದ್ದರು.

ಅದೂ ಫಲಿಸಲಿಲ್ಲವಾದಾಗ ಫೈಲಿನ ಮೇಲೆ ಆರೋಪ ಹೊರಿಸಿದೆ. ಮೇಲ್‌ಗಳನ್ನೆಲ್ಲ ಕೂಡಿಡುವ ಪಿಎಸ್‌ಟಿ ಫೈಲು ಹೆಚ್ಚುಕಮ್ಮಿ 3 ಜಿಬಿ ಆಗಿತ್ತು. 'ಫೈಲ್ ದಪ್ಪ ಆಗದ, ಅದುಕ್ಕೇ' ಎಂದೆ. ಔಟ್‌ಲುಕ್ 2010ರ ಫೈಲಿಗೆ ಕಟ್ಟಿದ್ದ ಮಿತಿ 50 ಜಿಬಿ. ಅದರ ಮುಂದೆ 3 ಯಾವ ಲೆಕ್ಕ? ನನ್ನ ತಲೆಯಲ್ಲಿ ಕೂತಿದ್ದದ್ದು ಹಳೆಯ ಕಾಲದ 2 ಜಿಬಿ ಮಿತಿ. ಔಟ್‌ಲುಕ್ 97ರಿಂದ 2002ರವರೆಗಿನ ಫೈಲು ಆ ಗೆರೆ ಮುಟ್ಟಿದರೆ ಕೆಡುತ್ತಿತ್ತು. 2003ರಲ್ಲಿ ಹೊಸ ಮಾದರಿಯ ಫೈಲು ಬಂದು ಆ ಕಥೆ ಮುಗಿದಿತ್ತು. (ಚಾಮರಾಜನಗರ ಜಿಲ್ಲೆಯಾಗಿದ್ದೂ ಔಟ್‌ಲುಕ್ ಮೊದಲು ಬಂದಿದ್ದೂ ಒಂದೇ ವರ್ಷ, 1997. ನನ್ನ ತಿಳಿವಳಿಕೆಯೂ ಆ ವರ್ಷದ ಆಸುಪಾಸಿನಲ್ಲೇ ನಿಂತಿತ್ತು.)

ಫೈಲನ್ನು ಎರಡು ಭಾಗ ಮಾಡಲು ಹೊರಟೆ. ಹೊಸ ಡೇಟಾ ಫೈಲ್ ಸೃಷ್ಟಿಸುವಾಗ ಆ ಔಟ್‌ಲುಕ್ ಎರಡು ಮಾದರಿಗಳನ್ನು ಮುಂದಿಡುತ್ತಿತ್ತು: ಒಂದು ಮಾಮೂಲು ಡೇಟಾ ಫೈಲು, ಇನ್ನೊಂದು 97–2002ರ ಡೇಟಾ ಫೈಲು. ಅವರ ಲೆಕ್ಕ ಬರೆಯುವವರ ಬಳಿ ತೀರಾ ಹಳೆಯ ಆಫೀಸ್ ಇತ್ತು. 'ಹಳೇದ್ರಲ್ಲಿ ಮಾಡುದ್ರ ಎರಡು ಕಡೇಲೂ ತಗೀಬೋದು' ಎಂದು ಜಾಣತನ ಹೂಡಿ ಎರಡನೆಯದನ್ನು ಒತ್ತಿದೆ. ಮೇಲ್‌ಗಳನ್ನೆಲ್ಲ ಅಂಥ ಎರಡು ಫೈಲುಗಳಿಗೆ ಹಂಚಿ ಸಾಗಿಸಿದೆ. ಒಂದು ಎಚ್ಚರಿಕೆಯೂ ಬರಲಿಲ್ಲ, ಅಥವಾ ಬಂದದ್ದನ್ನು ನಾನು ಓದಲಿಲ್ಲ. ಕೆಲಸ ಮುಗಿಯಿತೆಂದು ಹಳೆಯ ಫೈಲನ್ನು ಅಳಿಸಿದೆ. ಅದರ ನಕಲು ಎಲ್ಲೂ ಇರಲಿಲ್ಲ.

ಆ ಮಂಡಿಯ ಹಿರಿಯರಿಗೆ ಇಂಗ್ಲಿಷ್ ಬಾರದು. ಮಗ ಒಂದು ಉಪಾಯ ಮಾಡಿಕೊಂಡಿದ್ದ. ಬಂದ ಮೇಲ್‌ನ ವಿಷಯದ ಸಾಲನ್ನು ಅಳಿಸಿ ಕನ್ನಡದಲ್ಲಿ 'ಟೊಮೆಟೊ', 'ಅರಿಶಿನ', 'ಬಾಕಿ', 'ಬ್ಯಾಂಕು' ಎಂದು ಬರೆದಿಡುವುದು. ಹಿರಿಯರು ತಾವೇ ಮೌಸ್ ಹಿಡಿದು ಸಾಲು ಸಾಲಾಗಿ ಇಳಿಯುತ್ತ, ಬೇಕಾದ ಕಡೆ ನಿಂತು, ಮಗನನ್ನು ಕೂಗುತ್ತಿದ್ದರು. ವರ್ಷಗಳ ವ್ಯವಹಾರಕ್ಕೆ ಅದೇ ಸೂಚಿ. ನಾನು ಫೈಲು ಬದಲಿಸಿದ ಮೇಲೆ ಆ ಸಾಲುಗಳೆಲ್ಲ ಪ್ರಶ್ನೆ ಚಿಹ್ನೆಗಳಾಗಿದ್ದವು.

ಕಾರಣ ಸರಳ. ಹಳೆಯ ಮಾದರಿಯ ಫೈಲು ಅಕ್ಷರಗಳನ್ನು ವಿಂಡೋಸ್‌ನ ಕೋಡ್ ಪೇಜ್ ಎಂಬ ಪಟ್ಟಿಯ ಪ್ರಕಾರ ಬರೆದಿಡುತ್ತದೆ. ಇಂಗ್ಲಿಷಿಗೆ, ರಷ್ಯನ್ನಿಗೆ, ಅರಬ್ಬಿಗೆ, ಥಾಯ್‌ಗೆ ಅಂಥ ಪಟ್ಟಿಗಳಿವೆ. ಕನ್ನಡಕ್ಕೆ ಇಲ್ಲ. ವಿಂಡೋಸ್‌ನಲ್ಲಿ ಕನ್ನಡ ಇರುವುದು ಯೂನಿಕೋಡ್ ಆಗಿ ಮಾತ್ರ. ಪಟ್ಟಿಯಲ್ಲಿ ಸಿಗದ ಪ್ರತಿ ಸಂಕೇತದ ಜಾಗದಲ್ಲೂ ಒಂದೊಂದು ಪ್ರಶ್ನೆ ಚಿಹ್ನೆ ಕೂರುತ್ತದೆ, ಮೂಲ ಅಕ್ಷರ ಹೋಗಿಬಿಡುತ್ತದೆ. ಅದನ್ನು ಮರಳಿ ತರಲು ಯಾವ ದಾರಿಯೂ ಇಲ್ಲ. ಟೊಮೆಟೊಗೂ ಅರಿಶಿನಕ್ಕೂ ಯೂನಿಕೋಡ್‌ನಲ್ಲಿ ಆರಾರು ಸಂಕೇತ. ಹಾಗಾಗಿ ಎರಡೂ ಆರಾರು ಪ್ರಶ್ನೆ ಚಿಹ್ನೆಗಳಾಗಿ, ಯಾವುದು ಯಾವುದೆಂದು ತಿಳಿಯದಂತಾಗಿದ್ದವು. ಗಡಿಯಾಚೆ ಸುಲ್ತಾನ್ ಬತ್ತೇರಿಯ ಕಡೆಯವರು ಮಲಯಾಳದಲ್ಲಿ ಬರೆದಿದ್ದ ಒಂದಿಷ್ಟು ಸಾಲುಗಳದ್ದೂ ಅದೇ ಗತಿ.

ಇದರಲ್ಲೊಂದು ವ್ಯಂಗ್ಯವಿದೆ. ಅದೇ ಹುಡುಗ ಹಳೆಯ ನುಡಿ ಫಾಂಟಿನ ಪದ್ಧತಿಯಲ್ಲಿ ಟೈಪು ಮಾಡಿ ಅಂಟಿಸಿದ್ದರೆ ಪರದೆಯ ಮೇಲೆ ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಾಣುತ್ತಿದ್ದವು, ಓದಲು ಬರುತ್ತಿರಲಿಲ್ಲ. ಆದರೆ ಆ ಲ್ಯಾಟಿನ್ ಅಕ್ಷರಗಳಿಗೆ ಹಳೆಯ ಪಟ್ಟಿಯಲ್ಲಿ ಜಾಗವಿತ್ತು. ಅವು ಉಳಿದು, ಪರಿವರ್ತಕಕ್ಕೆ ಹಾಕಿದರೆ ಮತ್ತೆ ಕನ್ನಡವಾಗುತ್ತಿದ್ದವು. ಯೂನಿಕೋಡ್ ಬಳಸಿ, ಕನ್ನಡಿಗರೆಲ್ಲ ಬಳಸಿ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದವನು ನಾನೇ. ಸರಿಯಾದ ಮಾತು ಕೇಳಿ ಸರಿಯಾಗಿ ಬರೆದವನ ಬರಹವನ್ನೇ ನನ್ನ ಕೈ ಅಳಿಸಿತು.

ಪುಣ್ಯಕ್ಕೆ ಮೇಲ್‌ಗಳ ಒಡಲು ಬಹುಪಾಲು ಉಳಿದಿತ್ತು. ಎಚ್‌ಟಿಎಂಎಲ್ ರೂಪದಲ್ಲಿದ್ದ ಪತ್ರಗಳು ತಮ್ಮ ಸಂಕೇತ ಪದ್ಧತಿಯನ್ನು ತಮ್ಮ ಜೊತೆಗೇ ಒಯ್ಯುತ್ತವೆ. ಲಗತ್ತಿಸಿದ ಹಾಳೆಗಳೂ ತೆರೆದವು. ಹುಡುಗ ಏನೂ ಬಯ್ಯದೆ ವಿಷಯದ ಸಾಲುಗಳನ್ನು ಮತ್ತೆ ಬರೆಯಲು ಕುಳಿತ. ಬರೆದು ಸೇವ್ ಒತ್ತಿದರೆ ಕಣ್ಣೆದುರೇ ಮತ್ತೆ ಪ್ರಶ್ನೆ ಚಿಹ್ನೆ. ತಪ್ಪು ಫೈಲಿನ ಜಾತಿಯಲ್ಲೇ ಇದೆಯೆಂದು ನನಗೆ ಹೊಳೆದದ್ದು ಆಗ. ಹೊಸ ಮಾದರಿಯ ಎರಡು ಫೈಲು ಮಾಡಿ ಎಲ್ಲವನ್ನೂ ಅವಕ್ಕೆ ತಂದೆ. ಹೋದದ್ದು ಬರಲಿಲ್ಲ, ಬರೆದದ್ದು ನಿಲ್ಲುವಂತಾಯಿತು, ಅಷ್ಟೆ.

ಇಷ್ಟೆಲ್ಲ ಆಗಿ, ಫೈಲು ಅರ್ಧಕ್ಕರ್ಧ ಸಣ್ಣದಾದ ಮೇಲೂ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಸಂದೇಶ. ಮೆಮೊರಿ ಸಾಲದು.

ಕೊನೆಗೆ ಕೈಹಿಡಿದದ್ದು ಕಾಸು ಖರ್ಚಿಲ್ಲದ ಒಂದು ಪರೀಕ್ಷೆ. ಕಂಟ್ರೋಲ್ ಕೀಲಿ ಅದುಮಿಟ್ಟುಕೊಂಡು ಔಟ್‌ಲುಕ್ ಚಿತ್ರದ ಮೇಲೆ ಒತ್ತಿದರೆ ಸೇಫ್ ಮೋಡ್‌ನಲ್ಲಿ ತೆರೆಯಲೇ ಎಂದು ಅದೇ ಕೇಳುತ್ತದೆ. ಹಾಗೆ ತೆರೆದಾಗ ಆಡ್-ಇನ್ ಯಾವುದೂ ಒಳಗೆ ಬರುವುದಿಲ್ಲ. ಹಾಗೆ ತೆರೆದಿಟ್ಟು ಬಂದೆ. ಸಂಜೆಯವರೆಗೆ ಒಂದು ದೂರಿಲ್ಲ. ಫೈಲು ನಿರಪರಾಧಿ, ಯಂತ್ರ ನಿರಪರಾಧಿ. ಮೊದಲ ದಿನವೇ ಇದನ್ನು ಮಾಡಿದ್ದರೆ ನಾನು ಮೆಮೊರಿ ಪಟ್ಟಿ ಮಾರುತ್ತಿರಲಿಲ್ಲ, ಫೈಲು ಮುಟ್ಟುತ್ತಿರಲಿಲ್ಲ.

ಆಮೇಲೆ ಆಪ್ಶನ್ಸ್‌ನಲ್ಲಿ ಆಡ್-ಇನ್ಸ್ ತೆರೆದು ಅರ್ಧ ಟಿಕ್ಕು ತೆಗೆದು ನೋಡುವುದು, ಸರಿಯಾದರೆ ತೆಗೆದ ಅರ್ಧವನ್ನೇ ಮತ್ತೆ ಒಡೆಯುವುದು. ಕೆಲವನ್ನು ತೆಗೆಯಲು ಬಿಡುವುದೇ ಇಲ್ಲ. ಯಂತ್ರದ ಎಲ್ಲ ಬಳಕೆದಾರರಿಗೂ ಸೇರಿಸಿ ಹಾಕಿದ ಆಡ್-ಇನ್ ಆದರೆ ಔಟ್‌ಲುಕ್ಕನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ, ಹ್ಯಾಂಡಲ್, ಜಿಡಿಐ ಆಬ್ಜೆಕ್ಟ್ ಅಂಕಣಗಳ ಮೇಲೆ ಕಣ್ಣಿಡಬೇಕು. ಒಂದು ಪ್ರೋಗ್ರಾಮಿಗೆ ಮಾಮೂಲಾಗಿ 10,000 ಜಿಡಿಐ ಆಬ್ಜೆಕ್ಟುಗಳ, ಅಂದರೆ ಪರದೆಯ ಮೇಲೆ ಚಿತ್ರ ಬಿಡಿಸಲು ಬೇಕಾದ ಸಾಮಗ್ರಿಗಳ, ಮಿತಿ. ಅದು ಮುಗಿದರೂ ಕೆಲವೊಮ್ಮೆ ಪರದೆ ಮೆಮೊರಿಯ ಹೆಸರನ್ನೇ ಹೇಳುತ್ತದೆ.

ಸಿಕ್ಕಿಬಿದ್ದದ್ದು ಎರಡು ಆಡ್-ಇನ್. ಎರಡೂ ಆಂಟಿವೈರಸ್‌ನವು. ಒಂದು ಗಡುವು ಮುಗಿದ ಹಳೆಯ ಉಚಿತ ಆಂಟಿವೈರಸ್‌ನದು, ಇನ್ನೊಂದು ವರ್ಷದ ಚಂದಾದ ಹೊಸದು. ಒಂದೊಂದೇ ಇದ್ದಾಗ ಏನೂ ತೊಂದರೆ ಇಲ್ಲ. ಎರಡೂ ಇದ್ದರೆ, ಮೇಲ್ ಬಂದೊಡನೆ ಒಂದು ಅದನ್ನು ತೆರೆದು ತಪಾಸಣೆ ಮಾಡಿ ಗುರುತು ಹಾಕುವುದು. ಮೇಲ್ ಬದಲಾಯಿತೆಂದು ಇನ್ನೊಂದು ತೆರೆಯುವುದು. ಅದು ಹಾಕಿದ ಗುರುತು ಕಂಡು ಮೊದಲನೆಯದು ಮತ್ತೆ ತೆರೆಯುವುದು. ಒಳಗೆ ನಡೆದದ್ದು ಹೀಗೆಯೇ ಎಂದು ನಾನು ಊಹಿಸಿದ್ದು. ಟಾಸ್ಕ್ ಮ್ಯಾನೇಜರಿನ ಅಂಕಿಯಂತೂ ಮೇಲ್ ಬಂದಾಗಲೆಲ್ಲ ಏರುತ್ತಿತ್ತು, ಇಳಿಯುತ್ತಿರಲಿಲ್ಲ. ಆಡ್-ಇನ್‌ಗಳು ಔಟ್‌ಲುಕ್‌ನ ಹೊರಗೆ ಓಡುವುದಿಲ್ಲ, ಅದರ ಒಡಲಲ್ಲೇ ಓಡುತ್ತವೆ. ಅವು ತಿಂದದ್ದೆಲ್ಲ ಅದೇ 2 ಜಿಬಿಯ ಲೆಕ್ಕಕ್ಕೆ. ಓಣಂ ಸಮಯದಲ್ಲಿ ಮೇಲ್ ಹೆಚ್ಚು, ಹಾಗಾಗಿ ಮಧ್ಯಾಹ್ನಕ್ಕೇ ಭರ್ತಿ.

ಹೊಸ ಆಂಟಿವೈರಸ್ ಮಾರಿದವನು ನಾನು. ಎರಡು ತಿಂಗಳ ಹಿಂದೆ ಅದೇ ಮೇಜಿನ ಮುಂದೆ ಕೂತು, ಹಳೆಯದನ್ನು ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದೆನೆಂದುಕೊಂಡು, ಅದರ ಬಾಲ ಔಟ್‌ಲುಕ್ ಒಳಗೆ ಉಳಿದದ್ದನ್ನು ನೋಡದೆ, ಹೊಸದನ್ನು ಹಾಕಿದ್ದೆ. ಅಂದರೆ ರೋಗ ತಂದವನೂ ನಾನೇ, ಔಷಧಿ ಎಂದು ಮೆಮೊರಿ ಮಾರಿದವನೂ ನಾನೇ. 'ಇತ್ತೀಚೆಗೆ ಇದ್ರೊಳಕ್ಕ ಏನಾದ್ರೂ ಹೊಸದು ಹಾಕುದ್ರಾ?' ಎಂದು ಗಿರಾಕಿಗಳನ್ನು ನಾನು ಯಾವಾಗಲೂ ಕೇಳುತ್ತಿದ್ದೆ. ಅಲ್ಲಿ ಮಾತ್ರ ಕೇಳಿರಲಿಲ್ಲ. ಉತ್ತರ 'ನೀನೇ ಹಾಕ್ದಲ್ಲ' ಎಂದಾಗುತ್ತಿತ್ತು. ಅದು ಮನಸ್ಸಿನ ಯಾವುದೋ ಮೂಲೆಗೆ ಗೊತ್ತಿದ್ದೇ ಕೇಳಲಿಲ್ಲವೋ ಏನೋ, ಇವತ್ತಿಗೂ ನನಗೆ ಅನುಮಾನವಿದೆ.

ಹೇಳಿದೆ. ಹೇಳದೆ ಹಳೆಯ ಆಡ್-ಇನ್ ಕಿತ್ತುಹಾಕಿ ಸುಮ್ಮನಿರಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹಿರಿಯರು ಪೂರ್ತಿ ಕೇಳಿಸಿಕೊಂಡು, ಮೆಮೊರಿಯ ದುಡ್ಡು ವಾಪಸ್ ಬೇಡ ಎಂದರು. ಹಳೆ ಟೊಮೆಟೊ ಲೆಕ್ಕ ಮಾತ್ರ ಹುಡುಕಿಕೊಡಬೇಕೆಂದರು. ಬಿಲ್ಲಿನ ಹಾಳೆಗಳನ್ನು ಒಂದೊಂದೇ ತೆರೆದು ಯಾವುದು ಟೊಮೆಟೊ, ಯಾವುದು ಅರಿಶಿನ ಎಂದು ನೋಡಿ ಬರೆಯುವ ಕೆಲಸಕ್ಕೆ ನಾನೂ ಆ ಹುಡುಗನೂ ಸಂಜೆ ಹೊತ್ತು ಕೂರಬೇಕಾಯಿತು. ಒಂದು ಕಡೆಯ ಬಾಕಿಯ ಮೇಲ್ ಸಾದಾ ಪಠ್ಯದಲ್ಲಿತ್ತು, ಒಡಲೂ ಪ್ರಶ್ನೆ ಚಿಹ್ನೆಯಾಗಿತ್ತು. ಅಂಕಿಗಳು ಉಳಿದಿದ್ದವು, ಯಾವುದಕ್ಕೆಂಬ ಮಾತು ಉಳಿದಿರಲಿಲ್ಲ. ಆ ಬಾಕಿಯನ್ನು ಅವರು ಬಿಟ್ಟುಕೊಟ್ಟರು.

ಮೈಕ್ರೋಸಾಫ್ಟ್‌ನ ಈಗಿನ ಹೊಸ ಔಟ್‌ಲುಕ್ ಈ ಹಳೆಯ ಬಗೆಯ ಆಡ್-ಇನ್‌ಗಳನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಹಳೆಯ ಬಗೆಯ ಔಟ್‌ಲುಕ್‌ನ ಈಚಿನ ಆವೃತ್ತಿಗಳಿಗೆ ಕನಿಷ್ಠ 2029ರವರೆಗೆ ಬೆಂಬಲ ಇರುತ್ತದೆಂದಿದ್ದಾರೆ. ಮಂಡಿಯಲ್ಲಿ ಹಳೆಯದೇ ಇದೆ. ಲೆಕ್ಕದ ತಂತ್ರಾಂಶದಿಂದ ನೇರವಾಗಿ ಬಿಲ್ಲು ಮೇಲ್ ಮಾಡುವ ಗುಂಡಿ ಅದರಲ್ಲೇ ಕೆಲಸ ಮಾಡುವುದು. ನಡುವೆ ಒಮ್ಮೆ 64 ಬಿಟ್‌ನ ಆಫೀಸ್ ಹಾಕಿ ನೋಡಿದೆ. ಮೆಮೊರಿಯ ಗೋಳು ತಪ್ಪಿತು, ಆದರೆ 32 ಬಿಟ್‌ನ ಆ ಗುಂಡಿ ಸತ್ತುಹೋಯಿತು. ಮತ್ತೆ 32ಕ್ಕೇ ಬಂದೆವು. ಈ ಸಲ ಮುಟ್ಟುವ ಮುಂಚೆ ಫೈಲಿನ ನಕಲನ್ನು ಹೊರಗಿನ ಡಿಸ್ಕಿಗೆ ತೆಗೆದಿಟ್ಟದ್ದು ನಾನಲ್ಲ, ಆ ಹುಡುಗ. ನಾನು ಹೋಗುವಷ್ಟರಲ್ಲಿ ತೆಗೆದಿಟ್ಟು, ಡಿಸ್ಕನ್ನು ಕಳಚಿ ಜೇಬಿಗೆ ಹಾಕಿಕೊಂಡಿದ್ದ.